ಏಳರಾಟ ದಾಟಿದ ಸಂಖ್ಯೆ

ಮುನ್ನೂರ ಎಂಬತ್ತೊಂದು ಕೋಟಿ ಅರವತ್ತೈದು ಲಕ್ಷದ ನಲವತ್ತೇಳು ಸಾವಿರದ ಇನ್ನೂರ ತೊಂಬತ್ತು. ಯಾವುದಾದರೂ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಕಂಡರೆ ಇದನ್ನು ಯಾರೂ ಎರಡನೇ ಸಲ ನೋಡಲಿಕ್ಕಿಲ್ಲ. ಅಂಕಿಯಲ್ಲಿ ಬರೆಯಿರಿ: 3816547290. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತೂ ಅಂಕಿಗಳು ಒಂದೊಂದೇ ಸಲ ಬಂದಿವೆ. ಅಷ್ಟಕ್ಕೇ ಬೀಗುವಂತಿಲ್ಲ, ಅಂಥ ಹತ್ತಂಕಿಯ ಸಂಖ್ಯೆಗಳು 32,65,920 ಇವೆ. ಆದರೆ ಇದರ ಮೊದಲೆರಡು ಅಂಕಿಗಳಾದ 38 ಎರಡರಿಂದ, 381 ಮೂರರಿಂದ, 3816 ನಾಲ್ಕರಿಂದ, 38165 ಐದರಿಂದ, ಹೀಗೆ ಹತ್ತರವರೆಗೂ ನಿಶ್ಶೇಷವಾಗಿ ಭಾಗವಾಗುತ್ತ ಹೋಗುತ್ತದೆ. ಮೂವತ್ತೆರಡು ಲಕ್ಷ ಚಿಲ್ಲರೆಯಲ್ಲಿ ಈ ಯೋಗ ಇದೊಂದಕ್ಕೇ.

ಅಷ್ಟೊಂದು ಸಂಖ್ಯೆಗಳಿರುವಾಗ ಯಾವುದೋ ಒಂದು ಹೀಗಾಗುವುದು ಕಾಕತಾಳೀಯ ಎಂದು ಮೂಗು ಮುರಿಯುವವರುಂಟು. ಅವರು ಅಂಕಿಗಳು ಸೀಟು ಹಿಡಿಯುವ ಪರಿಯನ್ನು ನೋಡಬೇಕು. ಸೊನ್ನೆ ಹತ್ತನೆಯ ಜಾಗಕ್ಕೂ ಐದು ಐದನೆಯ ಜಾಗಕ್ಕೂ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿರುತ್ತವೆ. ಬೇರೆಯವರು ಕೂತರೆ ಭಾಗಾಕಾರ ನಡೆಯದು. ಸಮ ಸ್ಥಾನಗಳಲ್ಲಿ ಸಮ ಅಂಕಿಗಳೇ ಇರಬೇಕು, ಹಾಗಾಗಿ ಬೆಸ ಅಂಕಿಗಳಿಗೆ ಬೆಸ ಸ್ಥಾನಗಳೇ ಗತಿ. ನಾಲ್ಕನೆಯ ಮತ್ತು ಎಂಟನೆಯ ಸ್ಥಾನಗಳ ಹಿಂದಿನ ಅಂಕಿ ಬೆಸವಾದ್ದರಿಂದ ಅಲ್ಲಿ 2 ಮತ್ತು 6 ಬಿಟ್ಟು ಬೇರೆ ಯಾವುದೂ ಹೊಂದದು. ಮೂರು, ಆರು, ಎಂಟರ ನಿಯಮಗಳನ್ನೂ ಹಚ್ಚಿದರೆ ಆ ಜನಜಂಗುಳಿಯೆಲ್ಲ ಕರಗಿ ಹತ್ತೇ ಸಂಖ್ಯೆಗಳು ಉಳಿಯುತ್ತವೆ. ಅವುಗಳಲ್ಲಿ 9876543210 ಕೂಡ ಒಂದು! ಒಂಬತ್ತರಿಂದ ಸೊನ್ನೆಗೆ ಶಿಸ್ತಾಗಿ ಮೆಟ್ಟಿಲಿಳಿಯುವ ಈ ಮಹಾಶಯ ಎಲ್ಲ ಕಡೆ ಗೆದ್ದು ಒಂದೇ ಕಡೆ ಮುಗ್ಗರಿಸುತ್ತಾನೆ: 9876543ನ್ನು ಏಳರಿಂದ ಭಾಗಿಸಿದರೆ 5 ಉಳಿದುಬಿಡುತ್ತದೆ. ಹತ್ತರಲ್ಲಿ ಒಂಬತ್ತಕ್ಕೆ ಹಿಡಿದದ್ದು ಇದೇ ಏಳರಾಟದ ಶನಿ. ಪಾರಾದದ್ದು 3816547 ಮಾತ್ರ. ಅದು ಸರಿಯಾಗಿ 545221ರ ಏಳು ಪಟ್ಟು.

ಜಿ. ಎಚ್. ಹಾರ್ಡಿ ಸಾಹೇಬರು ಇದಕ್ಕೂ ಜಗ್ಗುವವರಲ್ಲ. 8712 ಎಂಬುದು ತಿರುಗಿಸಿ ಬರೆದ 2178ರ ನಾಲ್ಕು ಪಟ್ಟು, 9801 ಎಂಬುದು 1089ರ ಒಂಬತ್ತು ಪಟ್ಟು. ಇಂಥವೆಲ್ಲ ಪತ್ರಿಕೆಯ ಒಗಟಿನ ಅಂಕಣಕ್ಕೆ ಲಾಯಕ್ಕು, ಗಣಿತಜ್ಞನಿಗಲ್ಲ ಎಂದು ಅವರು 1940ರ ‘ಎ ಮ್ಯಾಥಮೆಟಿಷಿಯನ್ಸ್ ಅಪಾಲಜಿ’ಯಲ್ಲಿ ಬದಿಗೆ ಸರಿಸಿದರು. (ರಾಮಾನುಜನ್ ಎದುರು 1729ನ್ನು ನೀರಸ ಎಂದು ಪೇಚಿಗೆ ಸಿಕ್ಕವರೂ ಇವರೇ, ಇರಲಿ.) ಇದೆಲ್ಲ ನಮ್ಮ ಹತ್ತು ಬೆರಳುಗಳ ಮಹಿಮೆ, ಸಂಖ್ಯೆಯದೇನಿಲ್ಲ ಎಂಬ ಆಕ್ಷೇಪವೂ ಉಂಟು. ಅರ್ಧ ನಿಜ. ಹತ್ತರ ಬದಲು ಎಂಟರಲ್ಲಿ ಎಣಿಸಿದ್ದರೆ ಇಂಥವು ಮೂರು ಸಿಗುತ್ತಿದ್ದವು. ಹನ್ನೆರಡರಲ್ಲಿ ಎಣಿಸಿದ್ದರೆ ಒಂದೂ ಇಲ್ಲ. ಬೆಸ ಆಧಾರದ ಯಾವ ಪದ್ಧತಿಯಲ್ಲೂ ಇಂಥದ್ದು ಹುಟ್ಟದು ಎಂದು ಎರಡೇ ಸಾಲಿನಲ್ಲಿ ಸಾಧಿಸಬಹುದು. ಅಂದರೆ ಪದ್ಧತಿ ನಮ್ಮ ಆಯ್ಕೆ, ಫಲಿತಾಂಶದಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಉಪಯೋಗವೇನು ಎಂದು ಕೇಳುವವರಿಗೆ ಹೇಳುವುದಾದರೆ, ಭಾಗಾಕಾರ ಕಲಿಯುವ ಮಕ್ಕಳಿಗೆ ಇದು ಒಳ್ಳೆಯ ಲೆಕ್ಕ. ಪಾಸ್‌ವರ್ಡ್ ಮಾಡಿಕೊಳ್ಳುವುದು ಮಾತ್ರ ಬೇಡ, ಪೆನ್ಸಿಲ್ ಹಿಡಿದು ಕೂತ ಯಾರು ಬೇಕಾದರೂ ಕಂಡುಹಿಡಿದಾರು.