ಘರಪಟ್ಟಿ, ಬಕೀಟು, ಮೊಟ್ಟೆ

ಏಪ್ರಿಲ್ ಮುಗಿಯುವುದರೊಳಗೆ ಘರಪಟ್ಟಿ ತುಂಬಿದರೆ ನೂರಕ್ಕೆ ಐದು ರೂಪಾಯಿ ಬಿಡುತ್ತಾರಲ್ಲ, ಆ ಐದರ ಆಸೆಗೆ ಬೆಳಗಾವಿ ಟಿಳಕವಾಡಿಯ ನಮ್ಮ ಓಣಿಯಲ್ಲಿ ಹಬ್ಬದ ಗಡಿಬಿಡಿ. “ಐದು ಬಿಡತಾರ ಖರೆ, ವರ್ಷಾ ಏರಸೂದು ಬಿಡೂದಿಲ್ಲಲ್ಲ!” ಎಂದು ಪಕ್ಕದ ಮನೆಯ ವೈನಿ ಕಂಪೌಂಡಿಗೆ ಮೊಣಕೈ ಊರಿ ಶುರು ಮಾಡಿದರು. ಸುಳ್ಳೇನಲ್ಲ. ಪಟ್ಟಿಯನ್ನು ಮಾರ್ಗಸೂಚಿ ದರಕ್ಕೆ ಗಂಟು ಹಾಕಿದರು, 2023ರ ಅಕ್ಟೋಬರಿನಲ್ಲಿ ಆ ದರವೂ ಏರಿತು. ನಮ್ಮ ಸೋರುವ ಮನೆ ಕಾಗದದ ಮೇಲೆ ಶ್ರೀಮಂತವಾಯಿತು.

ಚೀಟಿ ಓದುವುದೇ ಒಂದು ಮಜಾ. ತೆರಿಗೆಯ ಮೇಲೆ ನೂರಕ್ಕೆ ಆರು ಗ್ರಂಥಾಲಯಕ್ಕೆ, ಮೂರು ಭಿಕ್ಷುಕರಿಗೆ. “ಆ ಮೂರು ನಮಗಽ ವಾಪಸ್ ಕೊಡೂ ವ್ಯಾಳ್ಯಾ ಬಂತಲ್ಲೇನ್ರಿ?” ಎಂದರು ವೈನಿ.

ಅವರ ಮಗಳಿರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿ ಊರ ಸಾಲಿಯ ಖರ್ಚಿನ ದೊಡ್ಡ ಪಾಲು ಮನೆಪಟ್ಟಿಯಿಂದಲೇ. ರಾಜ್ಯ ಕೈ ಬಿಗಿ ಮಾಡಿದರೆ ಊರವರ ಪಟ್ಟಿ ಏರುತ್ತದೆ. ಬೈಯುತ್ತ ಕಟ್ಟುತ್ತಾರೆ, ಸಾಲಿಗೆ ಹೋಗಿ ಲೆಕ್ಕವನ್ನೂ ಕೇಳುತ್ತಾರೆ. ನಾನು ಇಲ್ಲಿ ಎಷ್ಟು ತುಂಬಿದರೂ ಪಕ್ಕದ ಖಾನಾಪುರದ ಸಾಲಿಗೆ ಒಂದು ಖಡು ಹೋಗುವುದಿಲ್ಲ. ಅದು ಬೆಂಗಳೂರಿನಿಂದ ಬರಬೇಕು. ಹೀಗಾಗಿ ಲೆಕ್ಕ ಕೇಳಬೇಕೆಂದು ನನಗೂ ಎಂದೂ ಅನ್ನಿಸಿಲ್ಲ, ನಿಮಗೆ ಅನ್ನಿಸಿದೆಯೇ?

ಖಾನಾಪುರ ಎಂದರೆ ನಮ್ಮ ಸೋದರಮಾವ ನೆನಪಾಗುತ್ತಾರೆ. ಕಣಕುಂಬಿ ಕಡೆ ಮಾಸ್ತರರು. ಅಲ್ಲಿಯ ಮಳೆ ಗೊತ್ತಲ್ಲ! ಹಂಚಿಗೆ ಹೆಸರಾದ ತಾಲೂಕು, ಸಾಲಿಯ ಹಂಚು ಮಾತ್ರ ಒಡಕು. ಯಾವ ಬೆಂಚಿನ ಪಕ್ಕ ಬಕೀಟು, ಯಾವುದರ ಪಕ್ಕ ತಂಬಿಗೆ ಎಂಬುದು ಮಗ್ಗಿಗಿಂತ ಮೊದಲು ಹುಡುಗರಿಗೆ ಬಾಯಿಪಾಠ. ಬಕೀಟು ತುಂಬಿದರೆ ಚೆಲ್ಲಲು ಓಡುವ ಮಾನಿಟರ್ ಬೇರೆ ಇದ್ದ.

ಆಮೇಲೆ 2022ರ ಅಕ್ಟೋಬರಿನಲ್ಲಿ ಸರ್ಕಾರಿ ಸಾಲಿಗಳಿಗೆ ಒಂದು ಸುತ್ತೋಲೆ ಬಂತು, ಪಾಲಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು ಅಂತ. ಗದ್ದಲವಾಗಿ ಕೆಲವೇ ದಿನಗಳಲ್ಲಿ ವಾಪಸ್. ಮರುವರ್ಷ ರಾಜ್ಯೋತ್ಸವಕ್ಕೆ ಸರ್ಕಾರಿ ಸಾಲಿಗಳಿಗೆ ಕರೆಂಟು, ನೀರು ಪುಕ್ಕಟೆ ಎಂದು ಸಿದ್ದರಾಮಯ್ಯ ಘೋಷಿಸಿದರು. ಅಂದರೆ ಅಲ್ಲಿಯವರೆಗೆ ಸರ್ಕಾರದ ಸಾಲಿಯೂ ಕರೆಂಟಿನ ಬಿಲ್ಲಿಗೆ ನಮ್ಮಂತೆಯೇ ಹೆದರುತ್ತಿತ್ತು, ಅಲ್ವಾ?

ಈಗ ಸಾಲಿಯಲ್ಲಿ ಹುಡುಗರಿಗೆ ಕೊಡುವ ಮೊಟ್ಟೆಯದು ಇನ್ನೊಂದು ಕಥೆ. ವಾರದಲ್ಲಿ ಎರಡು ದಿನದ್ದು ಸರ್ಕಾರದ್ದು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. ವೈನಿಯ ತಮ್ಮನ ಮಗ ಖಾನಾಪುರದಲ್ಲಿ ಐದನೇತ್ತೆ. “ಇವತ್ತಿನ ತತ್ತಿ ಯಾರದೋ?” ಎಂದು ಫೋನಿನಲ್ಲಿ ಕೇಳಿದರಂತೆ.

“ಕೋಳೀದು, ಅತ್ಯಾ.”