ಹಳೇ ಪೇಟೆ, ಹೊಸ ಗೋಡೆ

ನೊಣವಿನಕೆರೆ. ಅಟ್ಟದಿಂದ ಕೊಬ್ಬರಿಕಾಯಿ ಇಳಿಸುತ್ತಾ ಮಾತು.

"ರಂಗಣ್ಣ, ಜರ್ಮನಿಯ ಡ್ರೆಸ್ಡೆನ್ ಹಳೇ ಪೇಟೆ ಅಂಚಲ್ಲಿ 2001ರಲ್ಲಿ ಯಹೂದಿಗಳು ತಮ್ಮ ಪ್ರಾರ್ಥನಾ ಮಂದಿರ ಸಿನಗಾಗ್ ಕಟ್ಟಿದ್ರಂತೆ. ತಿರುಚಿಟ್ಟ ಡಬ್ಬದ ಥರ! ಪಾರಂಪರಿಕ ಊರಿಗೆ ಒಪ್ಪುತ್ತಾ?"

"ಮೊದಲಿದ್ದದ್ದು?"

"1840ರದ್ದು, ಚೆನ್ನಾಗೇ ಒಪ್ತಿತ್ತಂತೆ. 1938ರಲ್ಲಿ ನಾಜಿಗಳು ಸುಟ್ಟಾಕಿದ್ರು."

"ಆಗ ಪರಂಪರೆಯೋರು ಊಟಕ್ಕೆ ಹೋಗಿದ್ರೇನಪ್ಪ?"

"ಅದಿರಲಿ. ಅಲ್ಲೇ ಫ್ರೌಯೆನ್‌ಕಿರ್ಖೆ ಚರ್ಚ್ ನೋಡಿ, ಹಳೇ ಗತ್ತು!"

"1945ರ ಬಾಂಬಿಗೆ ಕುಸಿದದ್ದು. ಮತ್ತೆ ಕಟ್ಟಿ ಬಾಗಿಲು ತೆಗೆದಿದ್ದು 2005ರಲ್ಲಿ. ಸಿನಗಾಗ್‌ಗಿಂತ ನಾಲ್ಕು ವರ್ಷ ಚಿಕ್ಕದು!"

"ಆದ್ರೂ ಹಳೇದರ ಹಾಗೆ ಕಾಣುತ್ತಲ್ಲ!"

ರಂಗಣ್ಣ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಗಿಟುಕು ಒಳಗೇ ಗಡಗಡ ಅಂತು.

"ಒಪ್ಪುತ್ತಾ ಅಂತೀಯಲ್ಲ, ಕೊಚ್ಚಿಯಲ್ಲಿ 1568ರಿಂದ ಸಿನಗಾಗ್ ಇದೆ, ಅರಮನೆ ದೇವಸ್ಥಾನದ ಮಗ್ಗುಲಲ್ಲೇ."

"ಅಲ್ಲಿ ಪರಂಪರೆ ಸಮಿತಿ ಎಲ್ಲಿತ್ತು ಬಿಡಿ! ರಾಜ ಜಾಗ ಕೊಟ್ಟ, ಮುಗೀತು."