ಸೂಟಿಗೇ ಸೂಟಿ ಇಲ್ಲರೀ: ಶಹಾಬಾದ್ ಫರಸಿಯ ಜೊತೆ ಒಂದು ಕಾಲ್ಪನಿಕ ಸಂದರ್ಶನ

2025ರ ಮೇ ತಿಂಗಳು, ಮಧ್ಯಾಹ್ನ ಒಂದು ಗಂಟೆ. ಚಿತ್ತಾಪುರದ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಮಾತಿಗೆ ಸಿಕ್ಕಿದ್ದು ಒಬ್ಬರೇ. ಉಳಿದವರೆಲ್ಲ ಅವರ ಮೈಮೇಲೆಯೇ ಮಲಗಿ ಗೊರಕೆ ಹೊಡೆಯುತ್ತಿದ್ದರು. ಎರಡಡಿ ಉದ್ದ, ಎರಡಡಿ ಅಗಲ, ಬೂದು ಮೈಬಣ್ಣ, ಒಂದು ಮೂಲೆ ಸ್ವಲ್ಪ ಮುಕ್ಕಾಗಿದೆ. ಕುಲ ಸುಣ್ಣದಕಲ್ಲು, ತವರು ಶಹಾಬಾದ್, ಉದ್ಯೋಗ ನೆಲವಾಗಿರುವುದು.

ಬಿಸಿಲಲ್ಲಿ ಬೆಂದು ಬಂದ ವರದಿಗಾರ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನೇ "ಆಹಾ" ಎಂದ.

"ಎಲ್ಲಾರೂ ಮೊದಲು ಇದನ್ನೇ ಅಂತಾರ" ಎಂದಿತು ಫರಸಿ. "ಕುಂದರ್ರಿ. ನೀರು ಕೊಡ್ಲಾಕ ನನಗ ಕೈ ಇಲ್ಲ."

ಸಂದರ್ಶನದ ವಿಷಯ ಈ ಮನೆಯ ಹುಡುಗಿಯ ಬೇಸಿಗೆ ರಜೆ. ಪಿಯುಸಿ ಮೊದಲ ವರ್ಷ ಮುಗಿಸಿರುವ ಆಕೆಯನ್ನೇ ಕೇಳೋಣವೆಂದರೆ ಆಕೆಗೆ ಪುರುಸೊತ್ತಿಲ್ಲ. ಆ ರಜೆಯನ್ನು ಮೊದಲಿನಿಂದ ಇಲ್ಲಿಯವರೆಗೆ ಕಂಡದ್ದು ಫರಸಿಯೇ ಆದ್ದರಿಂದ ಪ್ರಶ್ನೆ ಅದರ ಕಡೆ ತಿರುಗಿತು.

ವರದಿಗಾರ: ರಜೆ ಆರಾಮವಾಗಿ ನಡೆದಿದೆಯೇ?

ಫರಸಿ: ಯಾರ ರಜಾ ಕೇಳ್ತೀರಿ? ಏಪ್ರಿಲ್, ಮೇ ಬಂತಂದ್ರ ನಮ್ಮ ಕಲಬುರಗಿ ಕಡಿ ಸರಕಾರಿ ಆಫೀಸು ಮುಂಜಾನೆ ಎಂಟಕ್ಕ ಬಾಗಿಲು ತೆಗೆದು ಮಧ್ಯಾಹ್ನ ಒಂದೂವರಿಗೆ ಮುಚ್ತಾವ. ಬಿಸಿಲಂತ! ಈ ಹುಡುಗಿ ಆಫೀಸು ಒಂದೂವರಿಗೆ ಶುರು ಆಗ್ತದ. ಸೂಟಿಗೇ ಸೂಟಿ ಇಲ್ಲರೀ.

ವರದಿಗಾರ: ಮುಂಜಾನೆ ಏನು ಮಾಡುತ್ತಾಳೆ?

ಫರಸಿ: ಮುಂಜಾನೆ ಮನಿ ಬದುಕು. ಶ್ಯಾವಿಗಿ, ಸಂಡಿಗಿ, ಹಪ್ಪಳ, ಎಲ್ಲಾ ಮಾಳಿಗಿ ಮ್ಯಾಲ ಒಣಗಬೇಕು. ಕಾಗಿ ಕಾಯ್ಲಾಕ ಒಬ್ಬರು ಬೇಕು. ಓದುವಾಕಿ ಹೆಂಗೂ ಸುಮ್ನ ಕೂತಿರ್ತಾಳ, ಅಲ್ಲೇ ಕೂತು ಓದ್ಲಿ ಅಂತ ಆಯಿ ಹುಕುಂ. ಕಾಗಿ ಕಣ್ಣು ಸಂಡಿಗಿ ಮ್ಯಾಲ, ಆಯಿ ಕಣ್ಣು ಕಾಗಿ ಮ್ಯಾಲ, ಹುಡುಗಿ ಕಣ್ಣು ಪುಸ್ತಕದ ಮ್ಯಾಲ. ಯಾರು ಗೆದ್ದರಂತ ಡಬ್ಬಿ ತೆಗೆದು ನೋಡ್ರಿ.

ಯಾವ ಪುಸ್ತಕ? ಗೀತಾ ನಾಗಭೂಷಣ ಅವರ 'ಬದುಕು'. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ, ಕಲಬುರಗಿ ನೆಲದ್ದೇ ಮಾತಿನ ದಪ್ಪ ಕಾದಂಬರಿ. ಆಯಿಗೆ ಆ ಹೆಸರೇ ಸೇರದು. "ಬದುಕು ಮಾಡೋದು ಬಿಟ್ಟು ಬದುಕು ಓದ್ತಾಳ್ರೀ ಈಕಿ" ಎಂದು ಬಂದವರ ಮುಂದೆಲ್ಲ ದೂರುತ್ತಾಳಂತೆ. ಹಾಗೆಂದು ರಾತ್ರಿ ಪಕ್ಕದಲ್ಲಿ ಮಲಗಿ, "ನಿನ್ನೆ ಎಲ್ಲಿಗೆ ನಿಂತಿತ್ತು? ಮುಂದ ಓದು" ಎನ್ನುವವಳೂ ಆಕೆಯೇ. ಇದನ್ನು ಯಾರಿಗೂ ಹೇಳಬೇಡಿ ಎಂದು ಫರಸಿ ಕೇಳಿಕೊಂಡಿತು. ವರದಿಗಾರ ಒಪ್ಪಿದ, ಆಮೇಲೆ ಬರೆದ.

ವರದಿಗಾರ: ಊರೂರು ತಿರುಗಾಟವೂ ಇತ್ತಂತೆ?

ಫರಸಿ: ಸೂಟಿ ಅಂದ್ರ ನಮ್ಮ ಕಡಿ ಲಗ್ನ. ಸೇಡಂದಾಗ ಅತ್ತಿ ಮಗಳದು. ರೈಲು ಸಸಾರ ಅದ, 1874ರಾಗ ನಿಜಾಮರ ಕಾಲಕ್ಕ ಹಾಕಿದ ವಾಡಿ–ಸಿಕಂದರಾಬಾದ್ ಹಳಿ ಚಿತ್ತಾಪುರ, ಸೇಡಂ ಮ್ಯಾಲೇ ಹಾದು ಹೋಗ್ತದ. ಲಗ್ನ ಮುಗೀತು ಅನ್ನೂದ್ರಾಗ ವಾಡಿ ಕಾಕಿ ಮನಿ. ಅದಾದ ಮ್ಯಾಲ ಚಿಂಚೋಳಿ ಮುತ್ಯಾನ ಮನಿ. ಚಿಂಚೋಳಿಗಿ ರೈಲಿಲ್ಲ, ಬಸ್ಸೇ ಗತಿ. 2023ರ ಜೂನಿನಿಂದ ಹೆಣ್ಮಕ್ಕಳಿಗಿ 'ಶಕ್ತಿ' ಬಂದದಲ್ಲ, ಟಿಕೇಟು ಸೊನ್ನಿ, ಕುಂದರ್ಲಾಕ ಜಾಗಾನೂ ಸೊನ್ನಿ. ನಿಂತೇ ಓದ್ಯಾಳ. ಆ ಸೊನ್ನಿ ಟಿಕೇಟು ಈಗ ಪುಸ್ತಕದಾಗ ಗುರುತಿಗಿ ಇಟ್ಟಾಳ.

ಚಿಂಚೋಳಿಯಲ್ಲಿ ಚಂದ್ರಂಪಳ್ಳಿ ಜಲಾಶಯ, ವನ್ಯಧಾಮ ನೋಡಬೇಕೆಂದಿದ್ದಳು. ನೋಡಿದ್ದು ಮುತ್ಯಾನ ಬ್ಯಾಂಕ್ ಪಾಸ್‌ಬುಕ್ಕು, ಪಹಣಿ, ಬೆಳೆವಿಮೆ ಅರ್ಜಿ. ಓದಿದ ಮೊಮ್ಮಗಳು ಬಂದಿದ್ದಾಳೆಂದು ಓಣಿಯ ಮಂದಿಯೂ ತಮ್ಮ ತಮ್ಮ ಕಾಗದ ಹಿಡಿದು ಬಂದರು. ಮೂರು ದಿನ ಆಕೆ ಅರ್ಜಿ ತುಂಬಿದಳು. ನಾಲ್ಕನೆಯ ದಿನ ಬಸ್ಸು ಹತ್ತಿದಳು.

ಇಲ್ಲಿಗೆ ಮಾತು ನಿಂತಿತು. ಒಂದೂವರೆ ಆಗಿತ್ತು. ಬಾಗಿಲಲ್ಲಿ ಐದು ಜೋಡಿ ಚಪ್ಪಲಿ ಬಂದವು, ಹಿಂದೆಯೇ ಐದು ಹುಡುಗರು.

ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಕಲಬುರಗಿ ಜಿಲ್ಲೆ ಶೇ 42.43 ಪಡೆದು ರಾಜ್ಯದಲ್ಲೇ ಕೊನೆಗೆ ಕೂತಿತ್ತು. ನಪಾಸಾದವರಲ್ಲಿ ಈ ಓಣಿಯ ಪಾಲು ಈ ಐದು ಮಂದಿ. ಎಲ್ಲರಿಗೂ ಗಣಿತವೇ ಕೈಕೊಟ್ಟಿದೆ. ಮೇ 26ರಿಂದ ಪರೀಕ್ಷೆ-2. ಕೋಚಿಂಗ್‌ಗೆ ದುಡ್ಡಿಲ್ಲ, ಹಲಗೆಯೂ ಇಲ್ಲ. ಇರುವುದು ಹುಡುಗಿ, ಒಂದು ಡಬ್ಬಿ ಸೀಮೆಸುಣ್ಣ ಮತ್ತು ಫರಸಿ.

ವರದಿಗಾರ: ನಿಮ್ಮ ಮೇಲೆಯೇ ಬರೆಯುತ್ತಾಳೆಯೇ?

ಫರಸಿ: ಮತ್ತ? ಸುಣ್ಣದಕಲ್ಲಿನ ಮ್ಯಾಲ ಸೀಮೆಸುಣ್ಣ, ನೆಂಟಸ್ತನ ಆತು ನೋಡ್ರಿ. ಮೊನ್ನೆ ಪೈಥಾಗೊರಸ್ ಪ್ರಮೇಯ. ಪುಸ್ತಕದಾಗ ಹತ್ತು ಸಲ ತೋರಿಸಿದ್ಳು, ಹುಡುಗರ ತಲಿಗಿ ಹೋಗ್ಲಿಲ್ಲ. ಕಡೀಗಿ ಎದ್ದು ನಿಂತು, ಗ್ವಾಡಿ ಮೂಲಿಯಿಂದ ಈ ಕಡಿ ಮೂರು ಫರಸಿ ಎಣಸ್ರಿ, ಆ ಕಡಿ ನಾಲ್ಕು ಎಣಸ್ರಿ ಅಂದ್ಳು. ಎರಡೂ ತುದಿಗಿ ಸುತಳಿ ಹಿಡಿಸಿದ್ಳು. ಈಗ ಸುತಳಿ ನೆಲದ ಮ್ಯಾಲ ಚಾಚಿ ಅಳೀರಿ ಅಂದ್ಳು. ಐದು ಫರಸಿ ಬಂತು! ಆರು ಅಡಿ, ಎಂಟು ಅಡಿ, ಹತ್ತು ಅಡಿ.

ವರದಿಗಾರ: ಸರಿಯಾಗಿ ಹತ್ತು?

ಫರಸಿ: ಎರಡು ಬೆರಳು ಕಮ್ಮಿ. "ಅಕ್ಕಾ, ಪೈಥಾಗೊರಸ್ ತಪ್ಪಾನ" ಅಂದ ಒಬ್ಬಾವ. ಪೈಥಾಗೊರಸ್ ತಪ್ಪಿಲ್ಲಪಾ, ಗೌಂಡಿ ತಪ್ಪ್ಯಾನ, ಮೂಲಿ ಗುನ್ಯಾಕ ಹಿಡಿದಿಲ್ಲ ಅಂದ್ಳು. ಆ ಹುಡುಗ ಈಗ ಕಂಡ ಕಂಡ ಮನಿ ಮೂಲಿಗೆಲ್ಲ ಸುತಳಿ ಹಿಡೀಲತ್ತಾನ. ಓಣ್ಯಾಗ ಗೌಂಡಿ ತಲಿ ಎತ್ತಿ ತಿರಗದಂಗ ಆಗ್ಯಾದ.

ಈ ಪಾಠಕ್ಕೆ ಸಂಬಳವಿಲ್ಲ. ಒಂದು ಮನೆಯಿಂದ ತೊಗರಿಬೇಳೆ, ಇನ್ನೊಂದರಿಂದ ಶೇಂಗಾ ಹಿಂಡಿ ಬಂದಿದೆ. ಬೇಳೆ ಕಲಬುರಗಿಯದು, 2019ರಲ್ಲೇ ಭೌಗೋಳಿಕ ಗುರುತು ಪಡೆದದ್ದು. ಕಲಿಸುವ ಹುಡುಗಿಗೆ ಅಂಥ ಗುರುತು ಕೊಡುವ ಇಲಾಖೆ ಯಾವುದೆಂದು ವರದಿಗಾರನಿಗೂ ಹೊಳೆಯಲಿಲ್ಲ.

ವರದಿಗಾರ: ಕಲ್ಲಿಗೆ ಓದಿನ ನಂಟು ಹೊಸದೇ?

ಪ್ರಶ್ನೆ ತುಸು ಚುಚ್ಚುವಂತಿತ್ತು. ಫರಸಿ ಮತ್ತಷ್ಟು ತಣ್ಣಗಾಯಿತು.

ಫರಸಿ: ಇದೇ ತಾಲೂಕಿನ ಸನ್ನತಿ ಬಾಜೂಕ ಕನಗನಹಳ್ಳಿ ಅದ. ಅಶೋಕನ ಚಿತ್ರ ಕೆತ್ತಿ, ಬ್ರಾಹ್ಮಿ ಲಿಪಿಯಾಗ 'ರಾಯ ಅಸೋಕೋ' ಅಂತ ಹೆಸರು ಬರದಾರ. ಅದೂ ಸುಣ್ಣದಕಲ್ಲೇ, ನಮ್ಮ ಬಳಗ. ಚಿತ್ರ, ಜೊತಿಗಿ ಹೆಸರು: ಒಂದನೇ ಇಯತ್ತಾ ಪುಸ್ತಕದಂಗ. ಮಳಖೇಡಕ್ಕ ಹೋಗ್ರಿ, ರಾಷ್ಟ್ರಕೂಟರ ರಾಜಧಾನಿ. 'ಕವಿರಾಜಮಾರ್ಗ' ಹುಟ್ಟಿದ್ದು ನೃಪತುಂಗನ ಆ ಆಸ್ಥಾನದಾಗ. ಕನ್ನಡಿಗರು ಓದದೇ ಇದ್ರೂ ಜಾಣರು ಅಂತ ಅದರಾಗ ಹೊಗಳ್ಯಾರಂತ. ಅದೊಂದು ಮಾತು ನಮ್ಮ ಹುಡುಗರಿಗಿ ಬಾಯಿಪಾಠ ಅದ.

ಇನ್ನು ಊರ ಮಗ್ಗುಲಲ್ಲೇ ನಾಗಾವಿ. ಅಲ್ಲಿನ ಘಟಿಕಾಸ್ಥಾನದ 1058ರ ಶಾಸನದಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಲೆಕ್ಕವಿದೆ. ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಸಾವಿರ ವರ್ಷದ ಹಿಂದೆ ಒಂದೇ ವಿದ್ಯಾಲಯಕ್ಕೆ ಆರು ಜನ! ಇವತ್ತು ಈ ತಾಣಗಳ ಸುತ್ತಲಿನ ಹಳ್ಳಿಶಾಲೆಗಳಲ್ಲಿ ಪುಸ್ತಕದ ಕಪಾಟಿನ ಕೀಲಿ ಯಾರ ಬಳಿ ಇದೆ ಎಂದು ಯಾರಾದರೂ ಕೇಳಿ ನೋಡಬಹುದು. ವರದಿಗಾರನ ಅನುಭವದಲ್ಲಿ ಕೀಲಿ ಸದಾ ರಜೆಯಲ್ಲಿರುವವರ ಬಳಿಯೇ ಇರುತ್ತದೆ.

ವರದಿಗಾರ: ನಿಮ್ಮ ಉಳಿದ ಬಳಗ?

ಫರಸಿ: ಭಾಳ ಮಂದಿ ಸಿಮೆಂಟ್ ಭಟ್ಟಿಗಿ ಹೋದ್ರು. ವಾಡಿ, ಸೇಡಂ, ಮಳಖೇಡ. ಒಳಗ 1450 ಡಿಗ್ರಿ. ಇಲ್ಲಿ 43 ಡಿಗ್ರಿಗೇ ಮಂದಿ ಅಳತಾರ. ಕೆಲವರು ಮುಂಬೈ, ಹೈದರಾಬಾದ್ ಮನಿಗಳಿಗಿ ಹೋಗಿ ಬಿದ್ದಾರ. ನಾನು ಊರು ಬಿಡಲಿಲ್ಲ, ಅದಕ್ಕ ಪಾಠ ಸಿಕ್ತು. ಸೂಟಿ ಮಾತಿಗಿ ಬಂದ್ರ, 2024ರ ಬರಗಾಲದಾಗ ಸರಕಾರ ಸೂಟ್ಯಾಗೂ ಸಾಲಿ ಬಿಸಿಯೂಟ ಹಾಕಿಸ್ತು, ಛಲೋ ಮಾಡ್ತು. ಹೊಟ್ಟಿಗಿ ಸೂಟಿ ಇಲ್ಲಂತ ಅವರಿಗಿ ತಿಳೀತು. ಗಣಿತಕ್ಕೂ ಇಲ್ಲಂತ ಈ ಹುಡುಗಿಗಷ್ಟೇ ತಿಳದದ.

ಅಷ್ಟರಲ್ಲಿ ಆಯಿ ಎದ್ದು ಬಕೆಟ್ ತುಂಬಿಕೊಂಡು ಬಂದಳು, ನೆಲ ಒರೆಸಲು. ಹುಡುಗರು ಐವರೂ ಒಟ್ಟಿಗೇ "ಆಯೀ, ಬ್ಯಾಡ!" ಎಂದು ಕೂಗಿದರು. ಆಯಿ ಬಗ್ಗಿ ನೋಡಿದಳು. ಅಕ್ಷರ ಬಾರದ ಆಕೆಗೆ ತ್ರಿಕೋನ ಮಾತ್ರ ಕಂಡಿತು. ಅದನ್ನು ಬಿಟ್ಟು ಸುತ್ತಲೂ ಒರೆಸಿಕೊಂಡು ಹೋದಳು.

ಆ ಮನೆಗೆ ಹೋಗುವವರಿದ್ದರೆ ಒಂದು ವಿನಂತಿ. ಬಾಗಿಲಿಂದ ಒಳಗೆ ಎಡಗಡೆಯ ಮೂರನೆಯ ಫರಸಿಯ ಮೇಲೆ ಮೇ 26ರವರೆಗೆ ಕಾಲಿಡಬೇಡಿ. ಲೆಕ್ಕ ಇನ್ನೂ ಮುಗಿದಿಲ್ಲ.